ಆಫೀಸ್ ಚಾಟ್ ಮತ್ತು ವಿಡಿಯೊ ಮೀಟಿಂಗ್: ಟೀಮ್ಸ್, ಜೂಮ್, ಸ್ಲ್ಯಾಕ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ದಿನವೆಲ್ಲ ಮೀಟಿಂಗೇ ಆಯ್ತು, ಕೆಲಸ ಮಾಡೋದು ಯಾವಾಗ ಅಂತ ಗೊಣಗದ ಆಫೀಸು ಈಗ ಸಿಗುವುದು ಕಷ್ಟ. ನಾನು ನೋಡಿದ ಮಟ್ಟಿಗೆ ಬೇಡದ ಮೀಟಿಂಗ್‌ಗಳು ಹುಟ್ಟುವುದೇ ಚಾಟ್‌ನಲ್ಲಿ. ಒಬ್ಬರು ಅರ್ಧ ಪ್ರಶ್ನೆ ಕೇಳಿರುತ್ತಾರೆ, ಇನ್ನೊಬ್ಬರು ಅರ್ಧ ಉತ್ತರ ಕೊಟ್ಟಿರುತ್ತಾರೆ, ಮೂರನೆಯವರು ಬಂದು "ಒಂದು ಕ್ವಿಕ್ ಕಾಲ್ ಮಾಡೋಣ್ವಾ?" ಅನ್ನುತ್ತಾರೆ, ಆ ಕ್ವಿಕ್ ಕಾಲ್ ಮುಕ್ಕಾಲು ಗಂಟೆ ತಿನ್ನುತ್ತದೆ. ಅದಕ್ಕೇ ಇಲ್ಲಿ ಚಾಟ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ವಿಡಿಯೊ ಆಮೇಲೆ.

ಉದಾಹರಣೆಗಳು ಹೆಚ್ಚಾಗಿ ಮೈಕ್ರೋಸಾಫ್ಟ್ ಟೀಮ್ಸ್‌ನವು. 2017ರಲ್ಲಿ ಬಂದ ಇದು 2020ರ ಲಾಕ್‌ಡೌನ್ ಹೊತ್ತಿಗೆ ಮನೆಮನೆಯ ಊಟದ ಟೇಬಲ್ ಮೇಲೂ ಕೂತಿತು. ಅದೇ ಕಂಪನಿಯ ಸ್ಕೈಪ್ 2025ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಜೂಮ್, ಗೂಗಲ್ ಮೀಟ್, ಸ್ಲ್ಯಾಕ್ ಬಳಸುವವರೂ ಓದಬಹುದು, ಬೇಕಾದ ಕಡೆ ಅವುಗಳ ಮಾತೂ ಬರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಸಾಫ್ಟ್‌ವೇರ್‌ಗಳ ಮೆನು ಆಗಾಗ ಜಾಗ ಬದಲಿಸುತ್ತದೆ. ನಾನು ಹೇಳಿದ ಬಟನ್ ಅಲ್ಲಿಲ್ಲ ಅಂದರೆ ಸೆಟ್ಟಿಂಗ್ಸ್ ಒಳಗೆ ಸ್ವಲ್ಪ ಹುಡುಕಿ, ಸಿಗುತ್ತದೆ. ಕೆಲವನ್ನು ನಿಮ್ಮ ಕಂಪನಿಯ ಐಟಿಯವರೇ ಬಂದ್ ಮಾಡಿರುತ್ತಾರೆ. ಅದಕ್ಕೆ ಅವರನ್ನೇ ಕೇಳಬೇಕು.

ಹೆಜ್ಜೆ 1: ಗದ್ದಲ ಕಮ್ಮಿ ಮಾಡಿ

ಹೊಸದಾಗಿ ಹಾಕಿದ ಟೀಮ್ಸ್ ಎಲ್ಲದಕ್ಕೂ ಟಿಂಗ್ ಅನ್ನುತ್ತದೆ. ಯಾರೋ ಥಂಬ್ಸ್ ಅಪ್ ಕೊಟ್ಟರೂ ಟಿಂಗ್, ನಿಮಗೆ ಸಂಬಂಧವೇ ಇಲ್ಲದ ಚಾನೆಲ್‌ನಲ್ಲಿ (ಒಂದು ವಿಷಯಕ್ಕೆಂದೇ ಇಡೀ ಟೀಮ್‌ಗೆ ತೆರೆದಿಟ್ಟ ಜಾಗ) ಹುಟ್ಟುಹಬ್ಬದ ಶುಭಾಶಯ ಬಂದರೂ ಟಿಂಗ್. ಒಂದು ಸಲ ಹತ್ತು ನಿಮಿಷ ಕೂತು ಇದನ್ನು ಸರಿ ಮಾಡಿಕೊಂಡರೆ ವರ್ಷಪೂರ್ತಿ ಆರಾಮ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆಯಿರಿ. ನಿಮಗೆ ನೇರವಾಗಿ ಬಂದ ಮೆಸೇಜು, ನಿಮ್ಮ ಹೆಸರು ಹಿಡಿದು ಕರೆದ ಮೆನ್ಶನ್, ಇವೆರಡು ಪರದೆಯ ಮೂಲೆಯಲ್ಲಿ ಬರಲಿ. ಲೈಕ್, ರಿಯಾಕ್ಷನ್, ಸಲಹೆ, ಟ್ರೆಂಡಿಂಗ್ ಇತ್ಯಾದಿಗಳೆಲ್ಲ ಆಫ್. ಸದ್ದನ್ನೂ ತೆಗೆದುಬಿಡಿ, ಬರೀ ಕಣ್ಣಿಗೆ ಕಂಡರೆ ಸಾಕು. ಆಮೇಲೆ ಒಂದೊಂದೇ ಚಾನೆಲ್ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಆ ಚಾನೆಲ್‌ಗೆ ಬೇಕಾದಷ್ಟೇ ನೋಟಿಫಿಕೇಶನ್ ಇಟ್ಟುಕೊಳ್ಳಿ. ಮೂವತ್ತು ಜನ ಇರುವ ಗ್ರೂಪ್ ಚಾಟ್‌ಗಳನ್ನು ಮ್ಯೂಟ್ ಮಾಡಿ. ಮ್ಯೂಟ್ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಮುಜುಗರ ಬೇಡ. ದಿನಾ ಮಾತಾಡುವ ನಾಲ್ಕೈದು ಜನರ ಚಾಟ್ ಪಿನ್ ಮಾಡಿ ಮೇಲಿಡಿ.

ಇನ್ನು ಫೋನ್. ಲ್ಯಾಪ್‌ಟಾಪ್ ಮುಂದೆ ಕೂತಿರುವಾಗ ಫೋನೂ ಜೊತೆಗೆ ಕುಯ್‌ಗುಟ್ಟುವುದು ಯಾಕೆ? ಟೀಮ್ಸ್ ಮೊಬೈಲ್ ಆ್ಯಪ್‌ನ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ, ಡೆಸ್ಕ್‌ಟಾಪ್‌ನಲ್ಲಿ ಚಾಲ್ತಿಯಿದ್ದಾಗ ಫೋನಿಗೆ ಕಳಿಸಬೇಡ ಅನ್ನುವ ಆಯ್ಕೆ ಇದೆ. ಅಲ್ಲೇ ಕ್ವಯೆಟ್ ಟೈಮ್ ಕೂಡ ಇದೆ. ರಾತ್ರಿ ಇಷ್ಟು ಗಂಟೆಯಿಂದ ಬೆಳಗ್ಗೆ ಇಷ್ಟು ಗಂಟೆವರೆಗೆ, ಶನಿವಾರ ಭಾನುವಾರ ಪೂರ್ತಿ ಅಂತ ಒಂದು ಸಲ ಹಾಕಿಟ್ಟರೆ ಆಯ್ತು. ಆನ್‌ಕಾಲ್ ಡ್ಯೂಟಿ ಇರುವವರು ಮಾತ್ರ ಆ ವಾರಕ್ಕೆ ತೆಗೆಯಬೇಕು. ಸ್ಲ್ಯಾಕ್‌ನಲ್ಲಿ ಇದನ್ನು ನೋಟಿಫಿಕೇಶನ್ ಶೆಡ್ಯೂಲ್ ಅನ್ನುತ್ತಾರೆ.

ಹೆಜ್ಜೆ 2: ಹೆಸರಿನ ಪಕ್ಕದ ಬಣ್ಣದ ಚುಕ್ಕಿ

ಹಸಿರು ಅಂದರೆ ಇದ್ದಾರೆ, ಕೆಂಪು ಅಂದರೆ ಬಿಜಿ, ಹಳದಿ ಅಂದರೆ ಜಾಗದಲ್ಲಿಲ್ಲ. ಕಂಪ್ಯೂಟರ್ ಲಾಕ್ ಮಾಡಿದರೆ, ಇಲ್ಲವೇ ಐದು ನಿಮಿಷ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಟೀಮ್ಸ್ ತಾನೇ ಹಳದಿಗೆ ಹೋಗುತ್ತದೆ. ಕೆಲವು ಮ್ಯಾನೇಜರ್‌ಗಳು ಈ ಹಳದಿ ನೋಡಿ ಕೆಲಸ ಕದಿಯುತ್ತಿದ್ದಾರೆ ಅಂತ ಲೆಕ್ಕ ಹಾಕುವುದುಂಟು. ಕಾಗದದ ಮೇಲೆ ಡಿಸೈನ್ ಬರೆಯುತ್ತಾ ಕೂತವರೂ ಹಳದಿಯೇ, ಟೀಗೆ ಹೋದವರೂ ಹಳದಿಯೇ. ಆ ಚುಕ್ಕಿ ನೋಡಿ ಯಾರ ದುಡಿಮೆಯನ್ನೂ ಅಳೆಯಬೇಡಿ.

ನಿಮ್ಮ ಕಡೆಯಿಂದ ಮಾಡಬೇಕಾದ್ದು ಇಷ್ಟು. ತಲೆ ಕೆಡಿಸಿಕೊಂಡು ಮಾಡುವ ಕೆಲಸ ಇದ್ದಾಗ ಡು ನಾಟ್ ಡಿಸ್ಟರ್ಬ್ ಹಾಕಿ, ಎಷ್ಟು ಹೊತ್ತಿಗೆ ಅಂತ ಅವಧಿಯನ್ನೂ ಕೊಡಿ. ಅವಧಿ ಕೊಡದಿದ್ದರೆ ಸಂಜೆವರೆಗೂ ಹಾಗೇ ಇದ್ದುಬಿಡುತ್ತದೆ. ಆಗಲೂ ಕೆಲವರ ಕಾಲ್ ಬರಲೇಬೇಕು ಅಂದರೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಅವರ ಹೆಸರನ್ನು ಪ್ರಯಾರಿಟಿ ಆಕ್ಸೆಸ್‌ಗೆ ಸೇರಿಸಿ. ಜೊತೆಗೆ ಸ್ಟೇಟಸ್ ಮೆಸೇಜ್‌ನಲ್ಲಿ ಒಂದು ಸಾಲು: "ಮಧ್ಯಾಹ್ನ 3ರವರೆಗೆ ರಿಲೀಸ್ ಕೆಲಸ, ತುರ್ತಿದ್ದರೆ ಫೋನ್ ಮಾಡಿ." ಯಾರಾದರೂ ನಿಮಗೆ ಬರೆಯಲು ಹೊರಟರೆ ಟೈಪ್ ಮಾಡುವ ಮುಂಚೆಯೇ ಇದು ಅವರ ಕಣ್ಣಿಗೆ ಬೀಳುವಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ. ರಜೆಗೆ ಊರಿಗೆ ಹೋಗುವಾಗ ಇದು ತುಂಬಾ ಕೆಲಸಕ್ಕೆ ಬರುತ್ತದೆ, ಮೇಲ್‌ಗೆ ಮಾತ್ರ ಔಟ್ ಆಫ್ ಆಫೀಸ್ ಹಾಕಿ ಚಾಟ್ ಮರೆಯುವವರೇ ಜಾಸ್ತಿ.

ಹೆಜ್ಜೆ 3: ಒಂದೇ ಸಲಕ್ಕೆ ಮುಗಿಯುವ ಹಾಗೆ ಬರೆಯಿರಿ

"ಹಾಯ್."

ಇಷ್ಟೇ ಬರೆದು ಸುಮ್ನೆ ಕೂರುವ ಸಹೋದ್ಯೋಗಿ ನಿಮ್ಮಲ್ಲೂ ಇದ್ದಾರೆ, ಅಲ್ವಾ? ನೀವು "ಹಾಯ್, ಹೇಳಿ" ಅನ್ನಬೇಕು, ಅವರು "ಫ್ರೀ ಇದ್ದೀರಾ?" ಅನ್ನಬೇಕು, ಅಷ್ಟರಲ್ಲಿ ನೀವು ಊಟಕ್ಕೆ ಹೋಗಿರುತ್ತೀರಿ. ಅಸಲಿ ಪ್ರಶ್ನೆ ಬರುವ ಹೊತ್ತಿಗೆ ಅರ್ಧ ದಿನ ಹೋಯ್ತು. ನಮ್ಮಲ್ಲಿ ಇದು ಮರ್ಯಾದೆಯಿಂದ ಬಂದ ಅಭ್ಯಾಸ, ಮನೆ ಬಾಗಿಲಲ್ಲಿ ನಿಂತು "ಇದ್ದೀರಾ?" ಅಂತ ಕೂಗಿ ಒಳಗೆ ಬರುವ ಹಾಗೆ. ಆದರೆ ಚಾಟ್‌ನಲ್ಲಿ ಮರ್ಯಾದೆ ಅಂದರೆ ಎದುರಿನವರ ಟೈಮ್ ಉಳಿಸುವುದು. ನಮಸ್ಕಾರವನ್ನೂ ಪ್ರಶ್ನೆಯನ್ನೂ ಒಂದೇ ಮೆಸೇಜ್‌ನಲ್ಲಿ ಹಾಕಿ.

ಒಂದು ಒಳ್ಳೆಯ ಮೆಸೇಜ್‌ನಲ್ಲಿ ಏನು ಬೇಕು, ಯಾವುದರ ಬಗ್ಗೆ, ಯಾವಾಗಕ್ಕೆ ಬೇಕು ಅನ್ನುವುದು ಇರುತ್ತದೆ. ಉತ್ತರ ಬರದಿದ್ದರೆ ನೀವು ಏನು ಮಾಡುತ್ತೀರಿ ಅನ್ನುವುದೂ ಇದ್ದರೆ ಇನ್ನೂ ಚೆನ್ನ. ಉದಾಹರಣೆಗೆ:

"ಗುಡ್ ಮಾರ್ನಿಂಗ್ ಮೇಡಂ. ಮೈಸೂರು ವೇರ್‌ಹೌಸ್‌ನ ಜೂನ್ ಇನ್‌ವಾಯ್ಸ್‌ನಲ್ಲಿ ಜಿಎಸ್‌ಟಿ ಎರಡು ಸಲ ಸೇರಿದೆ ಅನ್ನಿಸ್ತಿದೆ, ಸ್ಕ್ರೀನ್‌ಶಾಟ್ ಕೆಳಗಿದೆ. ನಾಳೆ ಬೆಳಗ್ಗೆ 11ರ ಒಳಗೆ ಒಂದು ಸಲ ನೋಡಿ ಹೇಳ್ತೀರಾ? ಆಗದಿದ್ದರೆ ಈ ಒಂದು ಇನ್‌ವಾಯ್ಸ್ ಬಿಟ್ಟು ಉಳಿದವನ್ನು ಪೇಮೆಂಟ್‌ಗೆ ಕಳಿಸ್ತೀನಿ."

ಮೇಡಂ ಇದನ್ನು ಮೆಟ್ರೋದಲ್ಲಿ ನಿಂತುಕೊಂಡೇ ಓದಬಹುದು, "ಸರಿ, ಬಿಟ್ಟು ಕಳಿಸಿ" ಅಂತ ಎರಡೇ ಮಾತಲ್ಲಿ ಉತ್ತರಿಸಬಹುದು. ಕಾಲ್ ಬೇಕಾಗಲೇ ಇಲ್ಲ.

ಉದ್ದ ಬರೆಯುವಾಗ ಎಂಟರ್ ಒತ್ತಿ ಅರ್ಧ ಮೆಸೇಜ್ ಹೋಗಿಬಿಡುವುದು ಎಲ್ಲರಿಗೂ ಆಗುವಂಥದ್ದು. ಹೊಸ ಸಾಲಿಗೆ ಶಿಫ್ಟ್ + ಎಂಟರ್ ಒತ್ತಿ. ಅದು ಕೈಗೆ ಹತ್ತದಿದ್ದರೆ ಟೀಮ್ಸ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎಕ್ಸ್ ಒತ್ತಿ, ಬರೆಯುವ ಪೆಟ್ಟಿಗೆ ದೊಡ್ಡದಾಗುತ್ತದೆ. ಅದರಲ್ಲಿ ಎಂಟರ್ ಒತ್ತಿದರೆ ಹೊಸ ಸಾಲು ಮಾತ್ರ, ಕಳಿಸಲು ಕಂಟ್ರೋಲ್ + ಎಂಟರ್. ತಪ್ಪು ಹೋಗಿದ್ದರೆ ಎಡಿಟ್ ಮಾಡಿ, ಕೆಳಗೆ ಇನ್ನೊಂದು ಮೆಸೇಜ್‌ನಲ್ಲಿ ತಿದ್ದುಪಡಿ ಹಾಕಬೇಡಿ. ಮೇಲಿನದನ್ನು ಮಾತ್ರ ಓದಿ ಕೆಲಸ ಶುರು ಮಾಡುವವರು ಇರುತ್ತಾರೆ. ಅಂಕಿ ಅಥವಾ ತಾರೀಕು ಬದಲಾಗಿದ್ದರೆ ಮಾತ್ರ ಎಡಿಟ್ ಜೊತೆಗೆ ಬಾಯಿಬಿಟ್ಟು ಹೇಳಿ, ಯಾಕೆಂದರೆ ಎಡಿಟ್ ಮಾಡಿದ್ದಕ್ಕೆ ಹೊಸ ನೋಟಿಫಿಕೇಶನ್ ಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ರಾತ್ರಿ ಹನ್ನೊಂದಕ್ಕೆ ಏನೋ ಹೊಳೆಯಿತು ಅಂದುಕೊಳ್ಳಿ. ಬರೆದುಬಿಡಿ, ಆದರೆ ಆಗಲೇ ಕಳಿಸಬೇಡಿ. ಸೆಂಡ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ, ಫೋನ್‌ನಲ್ಲಾದರೆ ಒತ್ತಿ ಹಿಡಿದರೆ, ನಾಳೆ ಬೆಳಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಬಹುದು. ಸ್ಲ್ಯಾಕ್‌ನಲ್ಲಿ ಸೆಂಡ್ ಪಕ್ಕದ ಬಾಣದ ಗುರುತು. ನೀವು ಟೀಮ್ ಲೀಡ್ ಆಗಿದ್ದರೆ ಇದನ್ನು ಖಂಡಿತ ಕಲಿಯಿರಿ. "ನಾಳೆ ನೋಡಿದ್ರೆ ಸಾಕು" ಅಂತ ನೀವು ಬರೆದಿದ್ದರೂ, ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಆ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದಿರುತ್ತಾರೆ.

ಕನ್ನಡದಲ್ಲಿ ಬರೆಯಬಹುದಾ? ಯಾಕಾಗಬಾರದು. ಗ್ರೂಪ್‌ನಲ್ಲಿ ಎಲ್ಲರಿಗೂ ಕನ್ನಡ ಗೊತ್ತಿದ್ದರೆ ಕನ್ನಡದಲ್ಲೇ ವಿಷಯ ಬೇಗ ಮುಗಿಯುತ್ತದೆ. ಫ್ಯಾಕ್ಟರಿ ಫ್ಲೋರ್, ಸೇಲ್ಸ್, ಸರ್ವಿಸ್ ಟೀಮ್‌ಗಳಲ್ಲಂತೂ ಇಂಗ್ಲಿಷ್‌ನಲ್ಲಿ ಬರೆಯಲು ಹೋಗಿ ಅರ್ಥ ಕೆಡುವುದೇ ಜಾಸ್ತಿ. ವಿಂಡೋಸ್‌ಗೆ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಬಂದಿದೆ, ಉಚ್ಚಾರದಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಮತ್ತು ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ, ಅದರೊಳಗೆ ಫೊನೆಟಿಕ್ ಕೀಬೋರ್ಡ್ ಆರಿಸಿ. ಆಮೇಲೆ ವಿಂಡೋಸ್ ಕೀ + ಸ್ಪೇಸ್ ಒತ್ತಿದರೆ ಇಂಗ್ಲಿಷ್ ಹೋಗಿ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಫೋನ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಅಕ್ಷರವಾಗುತ್ತದೆ. ಆದರೆ ಕಳಿಸುವ ಮುಂಚೆ ಒಂದು ಸಲ ಓದಿ, ಅದು ಆಗಾಗ ತನಗೆ ತೋಚಿದ್ದನ್ನು ಬರೆಯುತ್ತದೆ.

ಹೆಜ್ಜೆ 4: ಯಾವ ಮಾತು ಎಲ್ಲಿ, ಯಾವ ಫೈಲ್ ಎಲ್ಲಿ

ಟೀಮ್ಸ್‌ನಲ್ಲಿ ಚಾಟ್ ಬೇರೆ, ಚಾನೆಲ್ ಬೇರೆ. ಇದನ್ನು ಗುರುತಿಸದೆ ಎಲ್ಲವನ್ನೂ ಗ್ರೂಪ್ ಚಾಟ್‌ಗೆ ತುಂಬುವ ಟೀಮ್‌ಗಳಲ್ಲಿ ಆರು ತಿಂಗಳ ಹಿಂದಿನ ನಿರ್ಧಾರ ಹುಡುಕುವುದು ಒಂದು ಸಾಹಸ. ನನ್ನ ನಿಯಮ ಸರಳ. ಮುಂದೆ ಸೇರುವವರಿಗೂ ಗೊತ್ತಿರಬೇಕಾದ್ದು ಚಾನೆಲ್‌ಗೆ, ಇವತ್ತಿಗೆ ಮುಗಿದುಹೋಗುವ ಮಾತು ಚಾಟ್‌ಗೆ.

ಚಾನೆಲ್‌ನಲ್ಲಿ ಹೊಸ ವಿಷಯಕ್ಕೆ ಹೊಸ ಪೋಸ್ಟ್, ಅದಕ್ಕೊಂದು ಶೀರ್ಷಿಕೆ. ಉತ್ತರ ಕೊಡುವವರು ಆ ಪೋಸ್ಟ್ ಕೆಳಗಿನ ರಿಪ್ಲೈನಲ್ಲೇ ಬರೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಯಾರಾದರೊಬ್ಬರು ಹೊಸ ಪೋಸ್ಟ್ ಮಾಡಿ "ಓಕೆ" ಅಂತ ಹಾಕಿರುತ್ತಾರೆ. ಯಾವುದಕ್ಕೆ ಓಕೆ? ಸ್ಲ್ಯಾಕ್‌ನಲ್ಲೂ ಇದೇ ಕಥೆ, ಅಲ್ಲಿ ಥ್ರೆಡ್ ಅನ್ನುತ್ತಾರೆ. ಇಡೀ ಚಾನೆಲ್‌ಗೆ ಮೆನ್ಶನ್ ಹಾಕುವ ಮುಂಚೆ ಎಷ್ಟು ಜನ ಇದ್ದಾರೆ ನೋಡಿ. ಸ್ಲ್ಯಾಕ್‌ನಲ್ಲಿ 'ಹಿಯರ್' ಅಂತ ಕರೆದರೆ ಆ ಹೊತ್ತಿಗೆ ಆನ್‌ಲೈನ್ ಇರುವವರಿಗೆ ಮಾತ್ರ ಹೋಗುತ್ತದೆ, 'ಚಾನೆಲ್' ಅಂತ ಕರೆದರೆ ಎಲ್ಲರಿಗೂ. ನಿದ್ದೆಯಲ್ಲಿರುವ ಅಮೆರಿಕದ ಟೀಮ್ ನೆನಪಿರಲಿ.

ಫೈಲ್ ವಿಷಯ ಇನ್ನೂ ಮುಖ್ಯ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಚಾನೆಲ್‌ಗೆ ಹಾಕಿದ ಫೈಲ್ ಆ ಟೀಮ್‌ನ ಶೇರ್‌ಪಾಯಿಂಟ್‌ನಲ್ಲಿ, ಅಂದರೆ ಆನ್‌ಲೈನ್‌ನ ಸಾಮೂಹಿಕ ಕಪಾಟಿನಲ್ಲಿ, ಕೂರುತ್ತದೆ, ಅದು ಎಲ್ಲರ ಸೊತ್ತು. ಚಾಟ್‌ನಲ್ಲಿ ಹಾಕಿದ ಫೈಲ್ ಹಾಗಲ್ಲ, ಕಳಿಸಿದವರ ಸ್ವಂತ ಆನ್‌ಲೈನ್ ಕಪಾಟಾದ ಒನ್‌ಡ್ರೈವ್‌ನಲ್ಲಿ ಟೀಮ್ಸ್ ಚಾಟ್ ಫೈಲ್ಸ್ ಅನ್ನುವ ಫೋಲ್ಡರ್‌ಗೆ ಹೋಗುತ್ತದೆ. ಅವರು ಕೆಲಸ ಬಿಟ್ಟ ಮೇಲೆ ಕಂಪನಿ ಆ ಖಾತೆ ತೆಗೆದುಹಾಕಿದಾಗ ಫೈಲೂ ಅದರ ಜೊತೆ ಹೋಗುತ್ತದೆ. ಚಾಟ್‌ನಲ್ಲಿ ಲಿಂಕ್ ಕಾಣುತ್ತಿರುತ್ತದೆ, ಒತ್ತಿದರೆ ಏನೂ ಬರುವುದಿಲ್ಲ. ಹಾಗಾಗಿ ಟೀಮ್‌ಗೆ ಬೇಕಾದ ಶೀಟ್, ಡಾಕ್ಯುಮೆಂಟ್ ಚಾನೆಲ್‌ನ ಫೈಲ್ಸ್‌ನಲ್ಲಿಡಿ, ಚಾಟ್‌ನಲ್ಲಿ ಅದರ ಲಿಂಕ್ ಮಾತ್ರ ಕೊಡಿ. ಯಾರಾದರೂ ನೋಟಿಸ್ ಪೀರಿಯಡ್‌ನಲ್ಲಿದ್ದರೆ ಆ ಕೆಲಸ ಈ ವಾರವೇ ಮಾಡಿ. ಸ್ಲ್ಯಾಕ್‌ನ ಉಚಿತ ಆವೃತ್ತಿ ಬಳಸುವ ಸಣ್ಣ ಕಂಪನಿಗಳಿಗೆ ಇನ್ನೊಂದು ಎಚ್ಚರಿಕೆ: ಅದರಲ್ಲಿ ಕಳೆದ 90 ದಿನಗಳ ಮಾತು ಮಾತ್ರ ಕಾಣುತ್ತದೆ.

ಹೆಜ್ಜೆ 5: ಮೀಟಿಂಗ್ ಕರೆಯುವ ಮುಂಚೆ

ಮಾಹಿತಿ ತಿಳಿಸುವುದಷ್ಟೇ ಇದ್ದರೆ ಬರೆದು ಹಾಕಿ. ಇಬ್ಬರ ನಡುವೆ ಒಪ್ಪಿಗೆ ಆಗಬೇಕು, ಯಾರೋ ಬೇಜಾರಾಗಿದ್ದಾರೆ, ಅಥವಾ ಚಾಟ್‌ನಲ್ಲಿ ಅದೇ ಮಾತು ಮೂರನೇ ಸುತ್ತು ತಿರುಗುತ್ತಿದೆ ಅಂದರೆ ಮಾತ್ರ ಕಾಲ್. ಆಗ ತಡ ಮಾಡಬೇಡಿ, ಐದು ನಿಮಿಷದ ಮಾತಿಗೆ ನಲವತ್ತು ಮೆಸೇಜ್ ಟೈಪ್ ಮಾಡುವುದೂ ದಡ್ಡತನವೇ.

ಇನ್ವೈಟ್‌ನಲ್ಲಿ 'ಡಿಸ್ಕಶನ್' ಅಂತ ಬರೆಯುವುದನ್ನು ನಿಲ್ಲಿಸಿ. ಏನು ತೀರ್ಮಾನ ಆಗಬೇಕು ಅನ್ನುವುದನ್ನೇ ಹೆಸರಾಗಿ ಇಡಿ: "ದಸರಾ ಆಫರ್ ಬೆಲೆ ಫೈನಲ್ ಮಾಡುವುದು". ಕೇಳಿಸಿಕೊಂಡರೆ ಸಾಕು ಅನ್ನುವವರನ್ನು ಆಪ್ಷನಲ್ ಅಂತ ಹಾಕಿ, ಆಮೇಲೆ ಅವರು ಬರದಿದ್ದಾಗ ಮುನಿಸಿಕೊಳ್ಳಬೇಡಿ. ಒಂದರ ಬೆನ್ನಿಗೆ ಒಂದು ಮೀಟಿಂಗ್ ಇರುವವರಿಗೆ ನೀರು ಕುಡಿಯಲೂ ಬಿಡುವಿರುವುದಿಲ್ಲ. ಔಟ್‌ಲುಕ್ ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲಿ ಮೀಟಿಂಗ್‌ಗಳನ್ನು ತಾನಾಗೇ ಐದು ಹತ್ತು ನಿಮಿಷ ಚಿಕ್ಕದು ಮಾಡುವ ಆಯ್ಕೆ ಇದೆ, ಗೂಗಲ್ ಕ್ಯಾಲೆಂಡರ್‌ನಲ್ಲಿ ಅದರ ಹೆಸರು ಸ್ಪೀಡಿ ಮೀಟಿಂಗ್ಸ್. ಉಚಿತ ಆವೃತ್ತಿ ಬಳಸುತ್ತಿದ್ದರೆ ಗಡಿಯಾರ ನೋಡಿಕೊಳ್ಳಿ. ಜೂಮ್ 40 ನಿಮಿಷಕ್ಕೆ ಹೊರಗೆ ಹಾಕುತ್ತದೆ, ಗೂಗಲ್ ಮೀಟ್ ಮತ್ತು ಟೀಮ್ಸ್ ಗ್ರೂಪ್ ಕಾಲ್‌ಗೆ 60 ನಿಮಿಷ ಕೊಡುತ್ತವೆ.

ಹೊರದೇಶದವರ ಜೊತೆ ಕೆಲಸ ಮಾಡುವವರು ಗಡಿಯಾರದ ಇನ್ನೊಂದು ಕಾಟವನ್ನೂ ತಿಳಿದಿರಬೇಕು. ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಆಗುವುದಿಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ನ್ಯೂಯಾರ್ಕ್‌ನ ಬೆಳಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ ಬದಲಾಗುತ್ತದೆ. ಹಾಗಾಗಿ ಮಧ್ಯದ ಒಂದೆರಡು ಮೂರು ವಾರ ಮೂರು ದೇಶದವರ ಲೆಕ್ಕವೂ ಎಕ್ಕುಟ್ಟಿರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ವಾರವಾರ ನಡೆಯುವ ಮೀಟಿಂಗ್ ಯಾವ ದೇಶದ ಟೈಮ್‌ನಲ್ಲಿ ಬುಕ್ ಆಗಿದೆಯೋ ಆ ದೇಶದವರಿಗೆ ಅದು ಕದಲುವುದಿಲ್ಲ, ಉಳಿದವರಿಗೆ ಕದಲುತ್ತದೆ. ಕಾಲ್ ರಾತ್ರಿ ಊಟದ ಹೊತ್ತಿಗೆ ಜಾರಬಾರದು ಅಂದರೆ ಇನ್ವೈಟನ್ನು ಭಾರತದ ಸಮಯದಲ್ಲಿ ನೀವೇ ಮಾಡಿ ಕಳಿಸಿ. ಅವರು ಒಪ್ಪಬೇಕು, ಅದು ಬೇರೆ ಮಾತು.

ಹೆಜ್ಜೆ 6: ಮೊದಲು ಧ್ವನಿ, ಆಮೇಲೆ ಮುಖ

ವಿಡಿಯೊ ಮಸುಕಾದರೆ ಯಾರೂ ಬೈಯುವುದಿಲ್ಲ. ಧ್ವನಿ ಒಡೆದರೆ ಮೀಟಿಂಗೇ ಹಾಳು. ಕ್ಲೈಂಟ್ ಕಾಲ್ ಇರುವ ದಿನ ಮುಂಚೆಯೇ ಸೆಟ್ಟಿಂಗ್ಸ್‌ನ ಡಿವೈಸಸ್‌ಗೆ ಹೋಗಿ ಟೆಸ್ಟ್ ಕಾಲ್ ಮಾಡಿ. ನೀವು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ನಿಮಗೇ ಕೇಳಿಸುತ್ತದೆ. ಆಗ "ನನ್ನ ವಾಯ್ಸ್ ಕೇಳಿಸ್ತಿದ್ಯಾ?" ಅನ್ನುವ ಮಂತ್ರ ಪಠಿಸುವ ಕೆಲಸ ಇರುವುದಿಲ್ಲ.

ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಅದರ ಮೈಕ್‌ನಲ್ಲೇ ಮಾತಾಡಿದರೆ ಎಷ್ಟೋ ಸಲ ಧ್ವನಿ ಡಬ್ಬಿಯೊಳಗಿಂದ ಬಂದಂತೆ ಇರುತ್ತದೆ. ಮೈಕ್ ಚಾಲೂ ಆದ ಕೂಡಲೇ ಬ್ಲೂಟೂತ್ ಹಾಡು ಕೇಳುವ ಮೋಡ್ ಬಿಟ್ಟು ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ, ಕೇಳುವ ಗುಣಮಟ್ಟವೂ ಬೀಳುತ್ತದೆ. ಸುಲಭದ ಪರಿಹಾರ: ಕೇಳಲು ಇಯರ್‌ಬಡ್, ಮಾತಾಡಲು ಲ್ಯಾಪ್‌ಟಾಪ್ ಮೈಕ್ ಅಂತ ಬೇರೆ ಬೇರೆ ಆರಿಸಿ. ಇಲ್ಲವೇ ವೈರ್ ಇರುವ ಹೆಡ್‌ಸೆಟ್ ತಗೊಳ್ಳಿ, ಅದರ ಚಾರ್ಜ್ ಮುಗಿಯುವುದೂ ಇಲ್ಲ.

ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಮಿಕ್ಸಿ ತಿರುಗುತ್ತದೆ, ಹೊರಗೆ ತರಕಾರಿ ಗಾಡಿಯ ಮೈಕು. ಅದೇ ಡಿವೈಸಸ್ ಸೆಟ್ಟಿಂಗ್‌ನಲ್ಲಿ ನಾಯ್ಸ್ ಸಪ್ರೆಶನ್ ಇದೆ, ಅದನ್ನು ಆನ್ ಮಾಡಿ. ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಇದರಿಂದ ಫ್ಯಾನ್ ಜೋರಾಗಬಹುದು, ಆಗ ಕಮ್ಮಿ ಮಟ್ಟಕ್ಕಿಳಿಸಿ. ಹಿಂದಿನ ಬಟ್ಟೆ ರಾಶಿಗೆ ಬ್ಲರ್ ಸಾಕು, ಕಡಲತೀರದ ಚಿತ್ರ ಬೇಡ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕುರ್ಚಿ ತಿರುಗಿಸಿ.

ಒಂದೇ ರೂಮಿನಲ್ಲಿ ಇಬ್ಬರು ಬೇರೆ ಬೇರೆ ಲ್ಯಾಪ್‌ಟಾಪ್‌ನಿಂದ ಸೇರಿದರೆ ಕುಂಯ್ ಅನ್ನುವ ಎಕೋ ಗ್ಯಾರಂಟಿ. ಒಬ್ಬರದ್ದು ಮಾತ್ರ ಧ್ವನಿ ಸಹಿತ ಇರಲಿ, ಇನ್ನೊಬ್ಬರು ಮೈಕ್, ಸ್ಪೀಕರ್ ಎರಡನ್ನೂ ಮುಚ್ಚಬೇಕು. ಬರೀ ಮೈಕ್ ಮುಚ್ಚಿದರೆ ಸಾಲದು. ಸೇರುವಾಗಲೇ 'ಡೋಂಟ್ ಯೂಸ್ ಆಡಿಯೊ' ಆರಿಸುವುದು ಎಲ್ಲಕ್ಕಿಂತ ಸಲೀಸು.

ಹೆಜ್ಜೆ 7: ಮೀಟಿಂಗ್ ಒಳಗೆ

"ಸರ್, ಮ್ಯೂಟ್‌ನಲ್ಲಿದ್ದೀರಾ" ಅನ್ನಿಸಿಕೊಳ್ಳದಿರಲು ಕೀಬೋರ್ಡ್ ಕಲಿಯಿರಿ. ಟೀಮ್ಸ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎಂ ಮ್ಯೂಟ್ ತೆಗೆಯುತ್ತದೆ, ಹಾಕುತ್ತದೆ. ಕಂಟ್ರೋಲ್ + ಸ್ಪೇಸ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕ್ ತೆರೆದಿರುತ್ತದೆ, "ಹೌದು", "ಸರಿ" ಅನ್ನಲು ಇದೇ ಚೆನ್ನ. ಜೂಮ್‌ನಲ್ಲಿ ಆಲ್ಟ್ + ಎ, ಮೀಟ್‌ನಲ್ಲಿ ಕಂಟ್ರೋಲ್ + ಡಿ. ಟೀಮ್ಸ್‌ನಲ್ಲಿ ಕೈ ಎತ್ತಲು ಕಂಟ್ರೋಲ್ + ಶಿಫ್ಟ್ + ಕೆ. ಮಾತಾಡಿ ಮುಗಿದ ಮೇಲೆ ಕೈ ಇಳಿಸಿ ಮಾರಾಯ್ರೇ, ಮೀಟಿಂಗ್ ಮುಗಿಯುವವರೆಗೂ ಎತ್ತಿಕೊಂಡೇ ಇರುವವರಿದ್ದಾರೆ.

ಸ್ಕ್ರೀನ್ ಶೇರ್ ಮಾಡುವಾಗ ಇಡೀ ಪರದೆ ಕೊಡಬೇಡಿ. ಬೇಕಾದ ವಿಂಡೋ ಮಾತ್ರ ಕೊಡಿ. ಇಡೀ ಪರದೆ ಕೊಟ್ಟರೆ ನಿಮ್ಮ ವಾಟ್ಸ್ಆ್ಯಪ್ ವೆಬ್, ಬ್ಯಾಂಕಿನ ಟ್ಯಾಬ್, ಹೊಸ ಕೆಲಸ ಹುಡುಕುತ್ತಿರುವ ಪೇಜು, ಎಲ್ಲವೂ ಎಲ್ಲರಿಗೂ. ಎರಡು ಮೂರು ಸಾಫ್ಟ್‌ವೇರ್ ತೋರಿಸಲೇಬೇಕಿದ್ದರೆ ಮೊದಲು ಬೇಡದ್ದನ್ನೆಲ್ಲ ಮುಚ್ಚಿ, ಆಮೇಲೆ ಪರದೆ ಕೊಡಿ. ವಿಡಿಯೊ ತೋರಿಸುವುದಿದ್ದರೆ ಶೇರ್ ಮಾಡುವ ಜಾಗದಲ್ಲೇ ಸೌಂಡ್ ಸೇರಿಸುವ ಬಟನ್ ಒತ್ತಬೇಕು, ಇಲ್ಲದಿದ್ದರೆ ಅವರಿಗೆ ಮೂಕಚಿತ್ರ ಕಾಣುತ್ತದೆ. ಎಕ್ಸೆಲ್ ತೋರಿಸುವವರು ದಯವಿಟ್ಟು ಶೀಟ್ ಕಾಣುವ ಅಳತೆಯನ್ನು ಶೇಕಡಾ 150ಕ್ಕೆ ಏರಿಸಿ. ನಿಮ್ಮ 27 ಇಂಚಿನ ಮಾನಿಟರ್‌ನಲ್ಲಿ ಚೆನ್ನಾಗಿ ಕಾಣುವ ಶೀಟ್ ಫೋನ್‌ನಲ್ಲಿ ನೋಡುವವರಿಗೆ ಇರುವೆ ಸಾಲು.

ಮಾತಾಡುವವರ ಇಂಗ್ಲಿಷ್ ಉಚ್ಚಾರ ಅರ್ಥವಾಗದಿದ್ದರೆ ಲೈವ್ ಕ್ಯಾಪ್ಷನ್ ಆನ್ ಮಾಡಿಕೊಳ್ಳಿ, ಅದು ನಿಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸ್ಕಾಟ್ಲೆಂಡ್, ಟೆಕ್ಸಸ್ ಕಡೆಯವರ ಮಾತು ಹಿಡಿಯಲು ಇದು ದೊಡ್ಡ ಆಸರೆ.

ಹೆಜ್ಜೆ 8: ನೆಟ್ ಇಲ್ಲ, ಕರೆಂಟ್ ಇಲ್ಲ

ಮಲೆನಾಡಿನ ಮನೆಯಿಂದ ಕೆಲಸ ಮಾಡುವವರಿಗೆ ಇದೇ ನಿಜವಾದ ಪಾಠ. ಜೂಮ್ ಕಂಪನಿಯೇ ಹೇಳುವ ಲೆಕ್ಕದಲ್ಲಿ ಬರೀ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು, ಇಬ್ಬರ ನಡುವಿನ 720ಪಿ ವಿಡಿಯೊಗೆ 1.2 ಮೆಗಾಬಿಟ್ ಬೇಕು. ಕನಿಷ್ಠ ಹದಿನೈದು ಪಟ್ಟು. ಅಂದರೆ ನೆಟ್ ತೂಕಡಿಸಿದ ಕೂಡಲೇ ಮೊದಲು ನಿಮ್ಮ ಕ್ಯಾಮೆರಾ ಆಫ್ ಮಾಡಿ. ಆದರೂ ಆಗಲಿಲ್ಲ ಅಂದರೆ ಬೇರೆಯವರ ವಿಡಿಯೊ ನಿಮಗೆ ಬರುವುದನ್ನು ನಿಲ್ಲಿಸಿ, ಟೀಮ್ಸ್‌ನಲ್ಲಿ ಮೋರ್ ಮೆನುವಿನೊಳಗೆ 'ಟರ್ನ್ ಆಫ್ ಇನ್‌ಕಮಿಂಗ್ ವಿಡಿಯೊ' ಅಂತ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ, ಎಂಟು ಜನರ ಮುಖ ಇಳಿಯುತ್ತಿರುವಾಗ ನಿಮ್ಮೊಬ್ಬರ ಕ್ಯಾಮೆರಾ ಮುಚ್ಚಿ ಏನು ಪ್ರಯೋಜನ? ಮೂರನೆಯದು, ಲ್ಯಾಪ್‌ಟಾಪ್ ಬಿಟ್ಟು ಫೋನ್ ಆ್ಯಪ್‌ನಿಂದ ಸೇರುವುದು. ಟೀಮ್ಸ್‌ನಲ್ಲಿ ಮೀಟಿಂಗನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ದಾಟಿಸುವ ಆಯ್ಕೆ ಇದೆ, ಮಧ್ಯದಲ್ಲಿ ಹೊರಗೆ ಬೀಳಬೇಕಾಗಿಲ್ಲ. ಇನ್ವೈಟ್ ಕೆಳಗೆ ಡಯಲ್ ಮಾಡುವ ಫೋನ್ ನಂಬರ್ ಇದ್ದರೆ ಅದು ಕೊನೆಯ ಅಸ್ತ್ರ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುತ್ತದೆ, ಸತ್ತುಹೋಗುವುದು ವೈಫೈ ರೂಟರ್. ರೂಟರ್‌ಗೇ ಅಂತ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ನೋಡಿ, ಅದಕ್ಕೆ ಹೊಂದುವುದೇ ತರಬೇಕು. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು.

ಹೆಜ್ಜೆ 9: ಮುಗಿದ ಮೇಲೆ

ಮೀಟಿಂಗ್ ಚಾಟ್‌ನಲ್ಲೇ ಆಗಿಂದಾಗ ಬರೆದು ಹಾಕಿ: ಏನು ತೀರ್ಮಾನ ಆಯ್ತು, ಯಾರು ಏನು ಮಾಡಬೇಕು, ಯಾವತ್ತಿಗೆ. ಸಾಕು. ಎರಡು ಪುಟದ ಮಿನಿಟ್ಸ್ ಯಾರೂ ಓದುವುದಿಲ್ಲ. ಎಐ ಬರೆದುಕೊಟ್ಟ ಸಾರಾಂಶ ಕಳಿಸುವವರು ಒಂದು ಸಲ ಓದಿ ಕಳಿಸಿ. ನಾವು ಕನ್ನಡ, ಇಂಗ್ಲಿಷ್ ಬೆರೆಸಿ ಆಡಿದ ಮಾತು, ಊರಿನ ಹೆಸರು, ಜನರ ಹೆಸರು ಅದರ ಕೈಯಲ್ಲಿ ಏನೇನೋ ಆಗುತ್ತವೆ.

ರೆಕಾರ್ಡಿಂಗ್ ಇದೆಯಲ್ಲ, ಆಮೇಲೆ ನೋಡೋಣ ಅಂತ ಬಿಡಬೇಡಿ. ಐಟಿಯವರು ಬೇರೆ ಥರ ಇಟ್ಟಿಲ್ಲದಿದ್ದರೆ ಟೀಮ್ಸ್ ರೆಕಾರ್ಡಿಂಗ್ 120 ದಿನಕ್ಕೆ ಅಳಿಸಿಹೋಗುತ್ತದೆ. ಟ್ರೇನಿಂಗ್ ವಿಡಿಯೊ ಆಗಿದ್ದರೆ ಫೈಲ್ ತೆರೆದು ಆ ಅವಧಿ ತೆಗೆದುಹಾಕಿ, ಇಲ್ಲವೇ ಡೌನ್‌ಲೋಡ್ ಮಾಡಿ ಟೀಮ್ ಫೋಲ್ಡರ್‌ಗೆ ಹಾಕಿ.

ಮೀಟಿಂಗ್ ಮುಗಿದರೂ ಅದರ ಚಾಟ್ ಉಳಿಯುತ್ತದೆ. ಕ್ಲೈಂಟ್ ಕಡೆಯವರು ಇದ್ದ ಚಾಟ್‌ನಲ್ಲಿ "ಅಬ್ಬಾ, ಮುಗೀತು" ಅಂತ ಬರೆದರೆ ಅವರೂ ಓದುತ್ತಾರೆ. ಹೊರಗಿನವರು ಬರುವ ಮೀಟಿಂಗ್‌ಗೆ ಮುಂಚೆಯೇ ಮೀಟಿಂಗ್ ಆಪ್ಷನ್ಸ್ ತೆರೆದು ಲಾಬಿಯಲ್ಲಿ (ಒಳಗೆ ಬಿಡುವವರೆಗೆ ಕಾಯುವ ಜಾಗ) ಯಾರು ಕಾಯಬೇಕು, ಪ್ರೆಸೆಂಟ್ ಮಾಡುವ ಹಕ್ಕು ಯಾರಿಗೆ ಅಂತ ಎರಡನ್ನು ನಿಗದಿ ಮಾಡಿ.

ಹೆಜ್ಜೆ 10: ಆಫೀಸ್ ಚಾಟ್ ಆಫೀಸಿನದ್ದು

ಇಬ್ಬರೇ ಇರುವ ಚಾಟ್ ಇಬ್ಬರಿಗೇ ಗೊತ್ತು ಅಂದುಕೊಳ್ಳಬೇಡಿ. ಕಂಪನಿ ಖಾತೆಯ ಟೀಮ್ಸ್ ಆಗಲಿ ಸ್ಲ್ಯಾಕ್ ಆಗಲಿ, ತನಿಖೆ ಅಂತ ಬಂದರೆ ಮೆಸೇಜುಗಳನ್ನು ಹೊರತೆಗೆಯುವ ಸಲಕರಣೆ ಆಡಳಿತದ ಕೈಯಲ್ಲಿರುತ್ತದೆ. ನೀವು ಡಿಲೀಟ್ ಮಾಡಿದ್ದನ್ನೂ ಕಂಪನಿಯ ನಿಯಮಕ್ಕೆ ತಕ್ಕಂತೆ ಹಿಂದೆ ಉಳಿಸಿಟ್ಟಿರಬಹುದು. ಸಂಬಳದ ಕೊರಗು, ಬಾಸ್ ಮೇಲಿನ ಸಿಟ್ಟು ಟೀ ಅಂಗಡಿಯಲ್ಲೇ ಇರಲಿ. ಪಾಸ್‌ವರ್ಡ್, ಆಧಾರ್ ಪ್ರತಿ, ಗ್ರಾಹಕರ ಖಾತೆ ನಂಬರ್ ಚಾಟ್‌ಗೆ ಹಾಕಲೇಬೇಡಿ.

ಕೊನೆಯದಾಗಿ ಮೋಸ. "ನಾನು ಐಟಿ ಹೆಲ್ಪ್‌ಡೆಸ್ಕ್, ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ತೊಂದರೆ ಇದೆ, ಕ್ವಿಕ್ ಅಸಿಸ್ಟ್ ತೆರೆದು ನಾನು ಹೇಳುವ ಕೋಡ್ ಹಾಕಿ" ಅಂತ ಟೀಮ್ಸ್‌ನಲ್ಲೇ ಮೆಸೇಜು ಅಥವಾ ಕಾಲ್ ಬರುವ ದಂಧೆ ಇದೆ. ಕ್ವಿಕ್ ಅಸಿಸ್ಟ್ ಅಂದರೆ ದೂರದಲ್ಲಿರುವವರಿಗೆ ನಿಮ್ಮ ಕಂಪ್ಯೂಟರನ್ನು ನಡೆಸಲು ಬಿಡುವ ವಿಂಡೋಸ್ ಆ್ಯಪ್. 2024ರಲ್ಲಿ ಮೈಕ್ರೋಸಾಫ್ಟ್ ಕೂಡ ಇದರ ಬಗ್ಗೆ ಎಚ್ಚರಿಸಿತ್ತು. ಹೊರಗಿನ ಖಾತೆಯಾದರೆ ಹೆಸರಿನ ಪಕ್ಕದಲ್ಲಿ 'ಎಕ್ಸ್‌ಟರ್ನಲ್' ಅಂತ ಕಾಣುತ್ತದೆ. ನಿಮ್ಮ ಕಂಪನಿಯ ಐಟಿಯವರು ಎಕ್ಸ್‌ಟರ್ನಲ್ ಆಗಿರಲು ಹೇಗೆ ಸಾಧ್ಯ? ಹೊರಗಿನ ಏಜೆನ್ಸಿಗೆ ಕೊಟ್ಟಿರುವ ಕಂಪನಿಗಳಲ್ಲಿ ಇರಬಹುದು, ಹಾಗಾಗಿ ಅನುಮಾನ ಬಂದರೆ ಕಾಲ್ ಕಟ್ ಮಾಡಿ, ನಿಮ್ಮ ಬಳಿ ಮೊದಲೇ ಇರುವ ಹೆಲ್ಪ್‌ಡೆಸ್ಕ್ ನಂಬರ್‌ಗೆ ನೀವೇ ಫೋನ್ ಮಾಡಿ ಕೇಳಿ. ಕೋಡ್ ಹಾಕಿ ಕಂಪ್ಯೂಟರ್ ಕೊಟ್ಟೇಬಿಟ್ಟಿದ್ದರೆ ನೆಟ್ ಕಿತ್ತುಹಾಕಿ, ಐಟಿಯವರಿಗೆ ಆ ಕ್ಷಣವೇ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಅದು. ಎಷ್ಟು ಬೇಗ ಹೇಳುತ್ತೀರೋ ದುಡ್ಡು ಮಧ್ಯದಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.